ಹೊಗೆಯ ಪಾತ್ರ

ಎಂಟನೇ ತರಗತಿ, ಆರನೇ ಪಾಠ, ಧರ್ಮಯುದ್ಧಗಳು.
ಪುಸ್ತಕದಲ್ಲಿ ಅದಕ್ಕೆ ಒಂದೂವರೆ ಪುಟ,
ಅದರಲ್ಲೂ ಅರ್ಧ ಭೂಪಟ.
ಸಂಜೀವರಾಯಪ್ಪ ಮೇಷ್ಟ್ರು ಪುಸ್ತಕ ಮುಚ್ಚಿ
ಕಿಟಕಿಯಾಚೆ ಬೊಟ್ಟು ಮಾಡಿದರು:
‘ಗುಡ್ಡ ಐತೆ, ಕೆರೆ ಐತೆ,
ಇನ್ನೇನ್ ಬೇಕ್ರಲಾ ಯುದ್ಧಕ್ಕೆ?’

ಗುಡಿಬಂಡೆಯ ನಮಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ
ಅಷ್ಟು ದೂರದ, ಅಷ್ಟು ಹಳೆಯ ಜಗಳಕ್ಕೆ
ನಮ್ಮೂರು ಇಷ್ಟು ಅನುಕೂಲವೆಂದು.

ಚೀಟಿ ಎತ್ತಿಸಿದರು.
ಶಿಲುಬೆಯ ದೊರೆ ಬಾಬಾಜಾನನ ಪಾಲಿಗೆ ಬಂದ,
ಸುಲ್ತಾನ ವೆಂಕಟರವಣನ ಪಾಲಿಗೆ.
ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.
‘ಇನ್ನೊಂದ್ಸಲ ಎತ್ತೋಣ್ವಾ?’
ಬೇಡವೆಂದರು ಇಬ್ಬರೂ, ಒಟ್ಟಿಗೆ.
ಕಬಡ್ಡಿ ಗೆರೆಯ ಆಚೆ ಒಬ್ಬ, ಈಚೆ ಒಬ್ಬ,
ವರ್ಷವಿಡೀ ಮಾತು ಬಿಟ್ಟವರು
ಮೊದಲ ಸಲ ಒಂದು ಮಾತಿಗೆ ಒಪ್ಪಿದ್ದರು.

ನನ್ನ ಚೀಟಿಯಲ್ಲಿ ‘ಹೊಗೆ’ ಎಂದಿತ್ತು.

ಬೇಸಗೆಯ ಶನಿವಾರ. ಎಂಟಕ್ಕೆಲ್ಲ
ದೊರೆಯ ಹದಿನೇಳು ಜನ ಗುಡ್ಡ ಹತ್ತಿದರು,
ಮೈಗೆ ಗೋಣಿತಾಟು, ಎದೆಗೆ ಕೆಮ್ಮಣ್ಣಿನ ಶಿಲುಬೆ.
ಸುಲ್ತಾನನವರು ಕೆರೆ ಹಿಡಿದರು.
ಆ ದೇಶದ ಆ ಗುಡ್ಡಕ್ಕೆ ಎರಡು ಕೊಂಬಂತೆ,
ಅಲ್ಲಿಂದ ಸರೋವರ ಕಾಣುತ್ತಿತ್ತಂತೆ,
ಕೈಗೆ ಸಿಗುತ್ತಿರಲಿಲ್ಲವಂತೆ.
ನಮ್ಮ ಗುಡ್ಡಕ್ಕೆ ಕೊಂಬಿಲ್ಲ. ಮಿಕ್ಕಿದ್ದೆಲ್ಲ ಹಾಗೇ.

ಹನ್ನೊಂದಕ್ಕೆ ಬಂಡೆ ಕಾದ ಹೆಂಚು.
ವೆಂಕಟರವಣ ಏರಿಯ ಮೇಲೆ ನಿಂತು
ಹಿತ್ತಾಳೆ ಚೊಂಬನ್ನು ತಲೆಯ ಮೇಲಕ್ಕೆತ್ತಿ
ಮೇಲಿನವರಿಗೆ ಕಾಣುವ ಹಾಗೆ
ಮಣ್ಣಿಗೆ ಸುರಿದ ನೀರು.
ತುಂಬಿ ತಂದು, ಮತ್ತೆ ಸುರಿದ.
ಮೇಲೆ ನೀರು ಎಂದನೊಬ್ಬ, ನೀಳ್ಳು ಎಂದನೊಬ್ಬ,
ಪಾನೀ ಎಂದ ಇನ್ನೊಬ್ಬ.
ಮೂರು ಭಾಷೆಯಲ್ಲಿ ಬಾಯಾರಿತು ಸೈನ್ಯ.
ದೊರೆ ಮಾತ್ರ ತುಟಿ ಬಿಚ್ಚಲಿಲ್ಲ.

ನಾನು ಗಾಳಿ ನೋಡಿ ಹುಲ್ಲಿಗೆ ಕಡ್ಡಿ ಗೀರಿದೆ.
ಅರೆಹಸಿ ಬಾದೆಹುಲ್ಲು, ಉರಿಗಿಂತ ಕೆಮ್ಮೇ ಹೆಚ್ಚು.
ದೊರೆಯ ಕಡೆ ಹೊರಟ ನಾನು ಅರ್ಧ ದಾರಿಯಲ್ಲಿ
ಗಾಳಿ ತಿರುಗಿ ಸುಲ್ತಾನನ ಕಣ್ಣಿಗೂ ಹೋದೆ.
‘ಲೇ, ಚರಿತ್ರೇಲಿ ಹಂಗಾಗ್ಲಿಲ್ಲ ಕಣೋ!’
ಮೇಷ್ಟ್ರು ಕೆಳಗಿಂದ ಕೂಗಿದರು.

ಒಂದು ಗಂಟೆಗೆ ಯುದ್ಧ ಮುಗಿಯಿತು.
ಒಂದು ಕೈ ಉಳುಕು, ಒಂಟಿ ಚಪ್ಪಲಿ ನಾಪತ್ತೆ,
ದೊರೆ ಸೆರೆ.

ಹುಣಸೆಮರಕ್ಕೆ ಬೆಡ್‌ಶೀಟು ಕಟ್ಟಿದ ಡೇರೆ.
ಗೆದ್ದವನು ಸೋತವನಿಗೆ ತಣ್ಣನೆಯ ನೀರು ಕೊಡಬೇಕು,
ಕೊಟ್ಟ ಕೈಯ ನೀರು ಕುಡಿದವನನ್ನು
ಕೊಲ್ಲುವ ಹಾಗಿಲ್ಲ, ಅಲ್ಲಿಯ ಪದ್ಧತಿ,
ಎಂದು ವಿವರಿಸಿ ಮೇಷ್ಟ್ರು
ಸೋಡಾ ಅಂಗಡಿಯಿಂದ ಐಸು ತರಿಸಿದ್ದರು,
ಹೊಟ್ಟಿನಲ್ಲಿ ಸುತ್ತಿ, ಸ್ವಂತ ದುಡ್ಡಲ್ಲಿ.

ಡೇರೆಯ ಹಿಂದೆ ನಾನು ನನ್ನನ್ನೇ ತುಳಿದು ಆರಿಸುತ್ತಿದ್ದೆ.
ಸುಲ್ತಾನ ಬಂದ, ಚೊಂಬು ಹಿಡಿದು.
ಅತ್ತ ನೋಡಿ, ಇತ್ತ ನೋಡಿ
ಕೆಂಡದ ಮೇಲೆ ಅಷ್ಟೂ ಸುರಿದ,
ಐಸಿನ ಚೂರು ಸಮೇತ.
ಚೊಂಯ್ ಎಂದಿತು.
‘ಅವನ್ದು ರೋಜಾ’ ಎಂದ, ನನಗೋ ಚೊಂಬಿಗೋ.
ಆಮೇಲೆ ಖಂಡಿತ ನನಗೇ:
‘ಬಾಯಿ ಬಿಟ್ಯೋ, ಹಲ್ಲುದುರಿಸ್ತೀನಿ.’

ಖಾಲಿ ಚೊಂಬನ್ನು ಎರಡೂ ಕೈಯಲ್ಲಿ,
ತುಳುಕೀತೆಂಬಂತೆ,
ನಿಧಾನಕ್ಕೆ ಒಳಗೆ ಒಯ್ದ.

ಬಾಬಾಜಾನ್ ಎತ್ತಿದ. ಒಂದು ಗಳಿಗೆ ತಡೆದ,
ಚೊಂಬಿನೊಳಗೆ ನೋಡಿದ,
ಚೊಂಬಿನಾಚೆ ನೋಡಿದ.
ಆಮೇಲೆ ಗಂಟಲ ಗಂಟು ಮೇಲೆ ಕೆಳಗೆ ಆಡಿತು,
ಆರು ಸಲ, ನಾನು ಎಣಿಸಿದೆ.
ಒಣ ತುಟಿಯನ್ನು ತೋಳಿಂದ ಒರೆಸಿಕೊಂಡ.
ಚಪ್ಪಾಳೆ.
ಮೇಷ್ಟ್ರು ಕನ್ನಡಕ ತೆಗೆದರು, ಹೊಗೆಗೆ ಇರಬೇಕು.
‘ನಟನೆ ಅಂದ್ರೆ ಅದು, ನೋಡ್ಕಳ್ರಿ’ ಅಂದರು.

ಸೋಮವಾರ ಕಬಡ್ಡಿಯಲ್ಲಿ
ದೊರೆ ಸುಲ್ತಾನನ ಮೊಣಕಾಲು ಸುಲಿದ.
ಸುಲ್ತಾನ ಅವನ ಅಂಗಿ ಹರಿದ.
ಮಾತಿಲ್ಲ, ಎಂದಿನಂತೆ.

ಪರೀಕ್ಷೆಯಲ್ಲಿ ಬಂದೇ ಬಂತು:
ಈ ಯುದ್ಧದ ನಿರ್ಣಾಯಕ ಕಾರಣ ಯಾವುದು? ಎರಡು ಅಂಕ.
ನೀರು, ಎಂದು ಬರೆದೆ.
ಯಾವ ನೀರು, ಬರೆಯಲಿಲ್ಲ,
ಹಲ್ಲಿನ ಆಸೆಗೆ.
ಒಂದೂವರೆ ಬಂತು.